ಪಾಠ ಮಾಡುವವರ ಪಕ್ಕದಲ್ಲಿ ಒಬ್ಬರು ಕೂರಲಿ

ಮಾನ್ಯ ಸಂಪಾದಕರೇ,

ಐದನೇ ಕ್ಲಾಸಿನ ಮಕ್ಕಳಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರಲ್ಲ, ಕಳೆಯುವ ಲೆಕ್ಕ ಬರಲ್ಲ ಅಂತ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿಹಳ್ಳಿಗೆ ಹೋಗುತ್ತಿದ್ದಾರೆ. ಮನೆ ಬಾಗಿಲಲ್ಲೇ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ, ಪದ, ಸಣ್ಣ ಪ್ಯಾರಾ, ಒಂದು ಕಥೆ ಓದಿಸಿ ನೋಡುತ್ತಾರೆ. ಆಮೇಲೆ ಕಳೆಯುವ ಲೆಕ್ಕ, ಭಾಗಾಕಾರ. ಅವರು ಹೇಳುವುದು ಸುಳ್ಳು ಅಂತ ನಾನು ಅನ್ನುವುದಿಲ್ಲ. ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ ಆ ಸುದ್ದಿ ಬಂದ ಮೇಲೆ ಬಸ್ಸಲ್ಲಿ, ಟೀ ಅಂಗಡಿಯಲ್ಲಿ ನಡೆಯುವ ಮಾತು ಮಾತ್ರ ಒಂದೇ. ಮೇಷ್ಟ್ರುಗಳು ಪಾಠ ಮಾಡಲ್ಲ, ಸಂಬಳ ಮಾತ್ರ ಜಾಸ್ತಿ. ಅದಕ್ಕೇ ಈ ಪತ್ರ.

ನಾನು 33 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿದವಳು. ಟಿ.ಸಿ.ಎಚ್. (ಟೀಚರ್ ಟ್ರೈನಿಂಗ್) ಮುಗಿಸಿ 1991ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಸೇರಿದೆ. ಆಮೇಲೆ ಮಂಡ್ಯ ಜಿಲ್ಲೆಗೆ ವರ್ಗವಾಯಿತು. ಪಾಂಡವಪುರದಲ್ಲೇ ಮನೆ ಮಾಡಿದೆವು. 2024ರಲ್ಲಿ ರಿಟೈರ್ ಆದೆ. ಮಧ್ಯಾಹ್ನದ ಸೀರಿಯಲ್ ಎರಡು ತಿಂಗಳಿಗೇ ಸಾಕಾಗಿ ಹೋಯಿತು. ಈಗ ಬುಧವಾರ, ಶುಕ್ರವಾರ ವಿ.ಸಿ. ನಾಲೆ ಆಚೆಯ ಒಂದು ಹಳ್ಳಿಯ ಶಾಲೆಗೆ ಹೋಗಿ ಬರುತ್ತೇನೆ. ಯಾರೂ ಕರೆದಿದ್ದಲ್ಲ, ನಾನೇ ಕೇಳಿಕೊಂಡು ಹೋಗಿದ್ದು. ಒಂದರಿಂದ ಐದನೇ ಕ್ಲಾಸು, 27 ಮಕ್ಕಳು, ಇಬ್ಬರು ಟೀಚರು. 60 ಮಕ್ಕಳ ತನಕ ಇಬ್ಬರು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ಹಾಗಾಗಿ ಕಾಗದದ ಮೇಲೆ ಕೊರತೆ ಏನೂ ಇಲ್ಲ. ಆದರೆ ಆ ಇಬ್ಬರಲ್ಲಿ ಒಬ್ಬರು ಹೆಡ್‌ಮಾಸ್ಟರು. ಮೊಟ್ಟೆ, ಗ್ಯಾಸ್ ಸಿಲಿಂಡರ್, ಬ್ಯಾಂಕು, ಮಕ್ಕಳ ವಿವರ ಆನ್‌ಲೈನಲ್ಲಿ ತುಂಬುವ ಎಸ್.ಎ.ಟಿ.ಎಸ್. ಎಂಟ್ರಿ, ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಎಲ್ಲ ಅವರ ತಲೆ ಮೇಲೆ. ಅವರು ಗೇಟು ದಾಟಿದರೆ ಐದು ಕ್ಲಾಸಿಗೆ ಉಳಿಯುವುದು ಇನ್ನೊಬ್ಬ ಟೀಚರ್ ಒಬ್ಬಳೇ, ಚಿಕ್ಕ ಹುಡುಗಿ. ವಿಜಯಪುರದ ಕಡೆಯವಳು, ಇದೇ ಮೊದಲ ಕೆಲಸ. ನನ್ನನ್ನು ಅಕ್ಕಾರ ಅಂತ ಕರೆಯುತ್ತಾಳೆ. ಅವರ ಕಡೆ ಹೆಣ್ಣು ಟೀಚರನ್ನು ಹಾಗೇ ಕರೆಯುವುದಂತೆ. ನಮ್ಮ ಮಕ್ಕಳಿಗೆ ಅದು ಕೇಳಿದರೆ ಇನ್ನೂ ಕಿಸಕ್ ಅಂತ ನಗು.

ಒಂದು ದಿನ ಆ ಟೀಚರ್ ನಾಲ್ಕನೇ ಕ್ಲಾಸಿನ ಹುಡುಗಿಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. 52ರಲ್ಲಿ 27 ಕಳೆದು 35 ಅಂತ ಬರೆದಿತ್ತು. ಕೆಳಗೆ ಇನ್ನೂ ಆರು ಲೆಕ್ಕ, ಆರೂ ಅದೇ ತರಹ ತಪ್ಪು. "ಮೂರು ಸಲ ಹೇಳಿಕೊಟ್ಟೀನಿ ಅಕ್ಕಾರ, ಇಕಿ ತಲಿಗೆ ಹೋಗವಲ್ದು" ಅಂದಳು. ಪಾಪ, ಕಣ್ಣಲ್ಲಿ ನೀರೇ ಬಂದಿತ್ತು. ನಾನು ಹುಡುಗಿಯನ್ನು ಪಕ್ಕ ಕೂರಿಸಿಕೊಂಡು, ತಪ್ಪು ಅನ್ನದೆ, ಹೇಗೆ ಮಾಡಿದೆ ಹೇಳು ಮರಿ ಅಂದೆ. ಅವಳು ಧೈರ್ಯವಾಗಿಯೇ ಹೇಳಿದಳು. "ಏಳ್ರಲ್ಲಿ ಎರಡು ಹೋದ್ರೆ ಐದು. ಐದ್ರಲ್ಲಿ ಎರಡು ಹೋದ್ರೆ ಮೂರು."

"ಎರಡು ಮೇಲೆ ಇದೆಯಲ್ಲ, ಏಳು ಕೆಳಗಿದೆ?"

"ಚಿಕ್ಕದ್ರಲ್ಲಿ ದೊಡ್ಡದು ಕಳೆಯಕ್ಕಾಗಲ್ಲ ಅಂತ ಮಿಸ್ಸೇ ಹೇಳವ್ರೆ."

ನೋಡಿ, ಮಗು ಟೀಚರ್ ಮಾತು ಕೇಳಿಯೇ ತಪ್ಪು ಮಾಡಿತ್ತು. ಆ ಮಾತನ್ನು ನಾನೂ ನೂರಾರು ಸಲ ಹೇಳಿದ್ದೇನೆ. ನನಗೆ ಅದರ ಅರ್ಥ, ಪಕ್ಕದ ಹತ್ತರ ಮನೆಯಿಂದ ಒಂದು ಹತ್ತು ತರಬೇಕು ಅಂತ. ಮಗುವಿಗೆ ಅದರ ಅರ್ಥ, ಮೇಲಿರಲಿ ಕೆಳಗಿರಲಿ, ಯಾವುದು ದೊಡ್ಡದೋ ಅದರಿಂದ ಚಿಕ್ಕದನ್ನು ಕಳೆ ಅಂತ. ಇಬ್ಬರದೂ ಒಂದೇ ಮಾತು, ಲೆಕ್ಕ ಬೇರೆ ಬೇರೆ.

ಶಾಲೆಯ ಪೊರಕೆಯಿಂದ ಕಡ್ಡಿ ಕಿತ್ತು, ಮುರಿದು, ಹತ್ತು ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಐದು ಕಟ್ಟು, ಎರಡು ಬಿಡಿ ಕಡ್ಡಿ. ನನಗೆ 27 ಕೊಡು ಅಂದೆ. ಮೊದಲು ಎರಡು ಕಟ್ಟು ಎತ್ತಿ ಕೊಟ್ಟಳು. (ಪುಸ್ತಕದಲ್ಲಿ ಬಿಡಿಯಿಂದ ಶುರು, ಮಕ್ಕಳ ಕೈ ಮಾತ್ರ ಯಾವಾಗಲೂ ಹತ್ತರಿಂದಲೇ ಶುರು ಮಾಡುತ್ತದೆ.) ಇನ್ನು ಏಳು ಕೊಡಬೇಕು. ಇರುವುದು ಎರಡು ಬಿಡಿ. ಅವಳು ಕಡ್ಡಿ ನೋಡಿದಳು, ನನ್ನ ಮುಖ ನೋಡಿದಳು. ಕಟ್ಟನ್ನು ಒಂದು ಸಲ ಮುಟ್ಟಿ ಕೈ ಹಿಂದೆ ತೆಗೆದಳು. ಆಮೇಲೆ ಮೆಲ್ಲಗೆ ಕೇಳಿದಳು. "ಬಿಚ್ಲಾ ಮಿಸ್?"

ನಾನು ಏನೂ ಹೇಳಲಿಲ್ಲ. ಅವಳೇ ಬಿಚ್ಚಿದಳು. ಹನ್ನೆರಡು ಬಿಡಿ ಆಯಿತು. ಏಳು ಕೊಟ್ಟಳು. ಎರಡು ಕಟ್ಟು, ಐದು ಕಡ್ಡಿ ಉಳಿಯಿತು. ತನ್ನ ನೋಟ್‌ಬುಕ್ ನೋಡಿ, 35 ಅಂತ ಬರೆದಿದ್ದನ್ನು ತಾನೇ ಹೊಡೆದು ಹಾಕಿದಳು. ಉಳಿದ ಆರು ಲೆಕ್ಕಕ್ಕೆ ಕಡ್ಡಿ ಬೇಕಾಗಿದ್ದು ಇನ್ನೆರಡಕ್ಕೆ ಮಾತ್ರ. ಆಮೇಲೆ ಮನಸ್ಸಲ್ಲೇ ಕಟ್ಟು ಬಿಚ್ಚುತ್ತಿದ್ದಳು, ಬೆರಳು ರಬ್ಬರ್ ಬ್ಯಾಂಡ್ ಎಳೆಯುವ ಹಾಗೆ ಆಡುತ್ತಿತ್ತು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಆವತ್ತು ಕಲಿತದ್ದು ಆ ಹುಡುಗಿ ಒಬ್ಬಳೇ ಅಲ್ಲ. ಪಕ್ಕದಲ್ಲಿ ನಿಂತಿದ್ದ ಟೀಚರ್ ಕೂಡ ನೋಡುತ್ತಿದ್ದಳು. ಮುಂದಿನ ಶುಕ್ರವಾರ ನಾನು ಹೋಗುವಷ್ಟರಲ್ಲಿ ಇಡೀ ಕ್ಲಾಸಿಗೆ ಕಟ್ಟು ಕಟ್ಟಿ ಇಟ್ಟಿದ್ದಳು. ಶಾಲೆಯ ಪೊರಕೆ ಬೋಳಾಗಿತ್ತು. ಇದೇ ಟೀಚರ್ ಮೊಬೈಲಲ್ಲಿ ಸರ್ಕಾರದ ದೀಕ್ಷಾ ಆ್ಯಪ್ ತೆಗೆದು ಕೋರ್ಸ್ ಮೇಲೆ ಕೋರ್ಸ್ ಮುಗಿಸಿದ್ದಾಳೆ. ಎಲ್ಲದಕ್ಕೂ ಸರ್ಟಿಫಿಕೇಟ್ ಇದೆ. ಅದರಲ್ಲಿ ಹೇಳುವುದು ಕೆಟ್ಟದ್ದೇನಲ್ಲ. ಆದರೆ ವೀಡಿಯೊಗೆ ಇವಳ ಕ್ಲಾಸಿನ ನೋಟ್‌ಬುಕ್ ಕಾಣಿಸಲ್ಲ ಅಲ್ವಾ?

ಪಾಠ ಮಾಡುವವರ ಪಕ್ಕದಲ್ಲಿ, ಅದೇ ಕ್ಲಾಸಲ್ಲಿ, ಅದೇ ಮಗುವಿನ ಮುಂದೆ ಬಂದು ಕೂರುವ ಒಬ್ಬರು ಬೇಕು. ಇದು ನಾನು ಕಂಡುಹಿಡಿದದ್ದಲ್ಲ. ನಮ್ಮ ಮೈಸೂರು ಜಿಲ್ಲೆಯಲ್ಲೇ ಆಗಿದ್ದ ಕೆಲಸ. 1995ರಲ್ಲಿ ಎಚ್.ಡಿ. ಕೋಟೆಯಿಂದ ಕೆಲವು ಟೀಚರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ಬೆಂಬಲ ಕೊಟ್ಟಿತ್ತು. ನಾನು ಆ ತಂಡದಲ್ಲಿ ಇರಲಿಲ್ಲ, ಮಗು ಚಿಕ್ಕದಿತ್ತು. ಆದರೆ ಹೋಗಿ ಬಂದವರು ನಮ್ಮ ಪಕ್ಕದ ಹಳ್ಳಿಯಲ್ಲೇ ಇದ್ದರು. ಸಂಜೆ ಬಸ್ಸಿಗೆ ಕಾಯುತ್ತಾ ಅವರು ಹೇಳಿದ್ದು ಕೇಳಿಕೊಂಡೇ ನಾನು ಅರ್ಧ ಕಲಿತದ್ದು. ಅದೇ ಮುಂದೆ ನಲಿ-ಕಲಿ ಆಯಿತು, ಮಕ್ಕಳು ಕಾರ್ಡು ಹಿಡಿದು ಆಡುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ.

ಓದುಗರಿಗೆ ಗೊತ್ತಿರಲಿಕ್ಕಿಲ್ಲ, ನಲಿ-ಕಲಿಯಲ್ಲಿ ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ರ, ಗ, ಸ, ದ, ಅ. ಈ ಐದು ಅಕ್ಷರ ಬಂದರೆ ಸಾಕು, ಸರ, ದರ, ಅರಸ, ಅಗಸ, ಗರಗಸ ಎಲ್ಲ ಮಗುವೇ ಓದಿಬಿಡುತ್ತದೆ. ಇಡೀ ವರ್ಣಮಾಲೆ ಮುಗಿಯುವ ತನಕ ಕಾಯಬೇಕಿಲ್ಲ. ಹೀಗೆ ಎಲ್ಲ ಹೊಸದಾಗಿದ್ದರಿಂದ ಆ ಕಾಲದ ಟೀಚರುಗಳು ಕಾರ್ಡು ತಾವೇ ಬರೆದರು, ಚಿತ್ರ ತಾವೇ ಬಿಡಿಸಿದರು. ಕಾರ್ಡು ಮಗುವಿಗೆ ಹತ್ತಲಿಲ್ಲ ಅಂದರೆ ಮುಂದಿನ ಸಲ ಸೇರಿದಾಗ ಜಗಳ ಆಡಿ ಬದಲಾಯಿಸಿದರು. 2009-10ರಲ್ಲಿ ನಲಿ-ಕಲಿ ರಾಜ್ಯಕ್ಕೆಲ್ಲ ಹೋಯಿತು. ಅಷ್ಟು ಹೊತ್ತಿಗೆ ನಾನು ಮಂಡ್ಯ ಜಿಲ್ಲೆಯಲ್ಲಿದ್ದೆ. ನನ್ನ ಶಾಲೆಗೆ ಕಾರ್ಡು ಬಂತು, ಕಲಿಕೆಯ ಮೆಟ್ಟಿಲು ತೋರಿಸುವ ಏಣಿ ಬಂತು, ಗುಂಪಿನ ತಟ್ಟೆ ಬಂತು, ಮಕ್ಕಳ ಕೆಲಸ ನೇತುಹಾಕುವ ಕಲಿಕಾ ಚಪ್ಪರಕ್ಕೆ ತಂತಿಯೂ ಬಂತು. ಆ ಜಗಳ ಮಾತ್ರ ಬರಲಿಲ್ಲ. ನನ್ನ ಪ್ರಕಾರ ಎಡವಿದ್ದು ಅಲ್ಲೇ.

ಪಕ್ಕದಲ್ಲಿ ಕೂರಬೇಕಾದವರು ಯಾರು ಅಂದರೆ, ಹುದ್ದೆ ಆಗಲೇ ಇದೆ. ಸಿ.ಆರ್.ಪಿ., ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ (ಕ್ಲಸ್ಟರ್‌ಗೆ) ಇರುವ ಸಂಪನ್ಮೂಲ ವ್ಯಕ್ತಿ. 1994-95ರಲ್ಲಿ ಡಿ.ಪಿ.ಇ.ಪಿ. (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಬಂದಾಗ ನಮ್ಮ ರಾಜ್ಯದ ಮೊದಲ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಕ್ಲಸ್ಟರ್ ಅನ್ನುವ ಮಾತು ನಮ್ಮ ಕಿವಿಗೆ ಬಿದ್ದಿದ್ದು ಆ ಕಾಲದಲ್ಲೇ. ಟೀಚರ್‌ಗೆ ವರ್ಷಕ್ಕೆ 500 ರೂಪಾಯಿ ಕಲಿಕೋಪಕರಣಕ್ಕೆ ಅಂತ ಬರುತ್ತಿತ್ತು. ಸಂತೆಯಲ್ಲಿ ಮಣಿ, ಗುಂಡಿ, ಬಣ್ಣದ ಕಾಗದ ತರುತ್ತಿದ್ದೆವು. ನನಗೆ ಸಿಕ್ಕ ಒಬ್ಬ ಸಿ.ಆರ್.ಪಿ. ಸೈಕಲಲ್ಲಿ ಬರುತ್ತಿದ್ದರು. ರಿಜಿಸ್ಟರ್ ಕೇಳುವ ಮೊದಲು ಒಂದನೇ ಕ್ಲಾಸಲ್ಲಿ ನೆಲದ ಮೇಲೆ ಕೂತು, "ಮೇಡಂ, ಇವತ್ತು ಈ ಪಾಠ ನಾನು ಮಾಡ್ತೀನಿ, ನೀವು ಹಿಂದೆ ಕೂತು ಮಕ್ಕಳನ್ನ ನೋಡಿ" ಅನ್ನುತ್ತಿದ್ದರು. ಹಿಂದೆ ಕೂತಾಗಲೇ ಗೊತ್ತಾಗಿದ್ದು ನನಗೆ, ಮೂರನೇ ಸಾಲಿನ ಹುಡುಗ ಎಲ್ಲರ ಜೊತೆ ಬಾಯಿ ಆಡಿಸುತ್ತಾನೆ, ಬೆರಳು ಮಾತ್ರ ಬೇರೆ ಸಾಲಲ್ಲಿದೆ ಅಂತ. ಅವನು ಪಾಠ ಪೂರ್ತಿ ಬಾಯಿಪಾಠ ಮಾಡಿದ್ದ. ಒಂದು ಪದ ಬಿಟ್ಟು ಉಳಿದದ್ದಕ್ಕೆ ಕೈ ಅಡ್ಡ ಹಿಡಿದರೆ ಓದಲು ಬರುತ್ತಿರಲಿಲ್ಲ. ಬೋರ್ಡಿನ ಹತ್ತಿರ ನಿಂತು ಆರು ತಿಂಗಳು ನನಗೆ ಅದು ಕಂಡಿರಲೇ ಇಲ್ಲ.

ಈಗಿನ ಸಿ.ಆರ್.ಪಿ.ಗಳು ಸೋಮಾರಿಗಳು ಅಂತ ನಾನು ಹೇಳುತ್ತಿಲ್ಲ. ಅವರ ಮೊಬೈಲ್ ನೋಡಿದರೆ ಅಯ್ಯೋ ಅನ್ನಿಸುತ್ತದೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತಗೊಂಡರು, ಶೂ ಅಳತೆ ಕಳಿಸಿ, ಫೋಟೊ ಹಾಕಿ, ತುರ್ತು, ಅತಿ ತುರ್ತು. ಶಾಲೆಗೆ ಬಂದರೂ ಮಾಹಿತಿ ತಗೊಂಡು ಹೊರಡುತ್ತಾರೆ. ತಿಂಗಳಿಗೊಂದು ಸಮಾಲೋಚನಾ ಸಭೆ ಅಂತ ಇದೆ. ನಾನು ಕಡೆಕಡೆಗೆ ಹೋದ ಸಭೆಗಳಲ್ಲಿ ಸುತ್ತೋಲೆ ಓದಿ, ಟೀ ಬಿಸ್ಕೆಟ್ ಕೊಟ್ಟು ಮುಗಿಸುತ್ತಿದ್ದರು. ಮೂವತ್ತು ಜನ ಟೀಚರು ಕೂತಿರುತ್ತಿದ್ದರು. ಒಬ್ಬರಾದರೂ ಒಂದು ಮಗುವಿನ ನೋಟ್‌ಬುಕ್ ತಂದಿರುತ್ತಿರಲಿಲ್ಲ.

ಇನ್ನೊಂದು ಮಾತು ಓದಿನ ಬಗ್ಗೆ. 2021ರಲ್ಲಿ ಕೇಂದ್ರದವರು ನಿಪುಣ್ ಭಾರತ್ ಅಂತ ಶುರು ಮಾಡಿದರು. 2026-27ರ ಹೊತ್ತಿಗೆ ಮೂರನೇ ಕ್ಲಾಸಿನ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಬರಬೇಕು ಅಂತ. ಒಳ್ಳೆಯ ಆಸೆಯೇ. ಅದರಲ್ಲಿ ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಅಂತ ಇದೆ. ನಮ್ಮ ಟೀಚರ್ ಮೊಬೈಲಲ್ಲಿ ಟೈಮರ್ ಇಟ್ಟುಕೊಂಡು ಎಣಿಸುತ್ತಿದ್ದಳು. ನಾನು ಕೇಳಿದೆ, 'ಹೋಗಬೇಕಾಗಿತ್ತಂತೆ' ಅನ್ನುವುದು ಎಷ್ಟು ಪದ ನೋಡಮ್ಮ? ಒಂದೇ ಪದ. ಬೇರೆ ಭಾಷೆಯಲ್ಲಿ ನಾಲ್ಕೈದು ಪದಕ್ಕೆ ಒಡೆದು ಹೇಳುವುದನ್ನು ನಾವು ಒಂದೇ ಉಸಿರಲ್ಲಿ ಸೇರಿಸಿ ಬರೆಯುತ್ತೇವೆ. ಅದರ ಮೇಲೆ ಒತ್ತಕ್ಷರ ಬೇರೆ. ಮಗು ಅಲ್ಲಿ ತಡವರಿಸಿದರೆ ಅದು ದಡ್ಡತನ ಅಲ್ಲ. ಗಡಿಯಾರ ನೋಡುವುದು ಬಿಟ್ಟು, ಓದಿದ್ದು ಏನು ಅರ್ಥವಾಯಿತು ಕೇಳು ಅಂದೆ. ಇದನ್ನೂ ಯಾರಾದರೂ ಪಕ್ಕ ಕೂತೇ ಹೇಳಬೇಕು.

ವಿಜಯಪುರದ ಈ ಟೀಚರ್‌ಗೆ ಇನ್ನೊಂದು ಕಷ್ಟ ಇತ್ತು. ನಮ್ಮ ಮಂಡ್ಯ ಕಡೆ ಹ ಅನ್ನುವ ಅಕ್ಷರವನ್ನು ನಾವು ಮನೆಯಲ್ಲೇ ಬಿಟ್ಟು ಬಂದಿರುತ್ತೇವೆ. ಹಾಲು ಆಲು, ಹಣ್ಣು ಅಣ್ಣು, ಹಸು ಅಸು. ಎರಡನೇ ಕ್ಲಾಸಿನ ಹುಡುಗ ಹಕ್ಕಿ ಚಿತ್ರದ ಕೆಳಗೆ ಅಕ್ಕಿ ಅಂತ ಬರೆದಿದ್ದ. ಇವಳು ಹತ್ತು ಸಲ ಬರೆಸಿದಳು. ಮಾರನೇ ದಿನ ಅವನು ಅನ್ನ ಮಾಡುವ ಅಕ್ಕಿಯನ್ನೂ ಹಕ್ಕಿ ಅಂತ ಬರೆದುಕೊಂಡು ಬಂದ. ಅವನ ಕಿವಿಗೆ ಎರಡೂ ಒಂದೇ. ಇದಕ್ಕೆ ಹತ್ತು ಸಲ ಬರೆಸಿ ಪ್ರಯೋಜನ ಇಲ್ಲ. ಕಡ್ಲೆಕಾಯಿ ಸಿಪ್ಪೆಯ ಚೂರೊಂದನ್ನು ಅಂಗೈ ಮೇಲೆ ಇಟ್ಟು, ಬಾಯಿ ಹತ್ತಿರ ಹಿಡಿದು ಹಕ್ಕಿ ಅನ್ನು, ಆಮೇಲೆ ಅಕ್ಕಿ ಅನ್ನು ಅಂತ ಹೇಳಿದೆ. ಹ ಅಂದಾಗ ಸಿಪ್ಪೆ ಅಲುಗಿತು. ಮಕ್ಕಳಿಗೆ ಆಟ ಆಯಿತು. ಆಮೇಲೆ ಅವನಿಗೇ ಹೇಳಿದೆ, ಮನೆಯಲ್ಲಿ ಅವ್ವನ ಹತ್ತಿರ ಆಲು ಅಂತಲೇ ಕೇಳು, ತಪ್ಪಲ್ಲ, ಬರೆಯುವಾಗ ಮಾತ್ರ ಹಾಲು. ಆ ಮಗುವಿನ ಮಾತೇ ಕೆಟ್ಟದು ಅಂತ ಅನ್ನಿಸಿಬಿಟ್ಟರೆ ಅವನು ಬಾಯೇ ಬಿಡುವುದಿಲ್ಲ.

ಲೆಕ್ಕದಲ್ಲೂ ಹೀಗೇ. ಐದನೇ ಕ್ಲಾಸಿನ ಹುಡುಗನೊಬ್ಬ ದಿನಾ ಎರಡು ಹೊತ್ತು ಡೈರಿಗೆ ಹಾಲು ಹಾಕಿ ಬರುತ್ತಾನೆ. ಬೋರ್ಡಿನ ಮೇಲೆ 4.50 ಮತ್ತು 3.75 ಕೂಡು ಅಂದರೆ 7.125 ಅಂತ ಬರೆದ. ನಾಲ್ಕು ಮೂರು ಏಳು, ಐವತ್ತು ಎಪ್ಪತ್ತೈದು ನೂರ ಇಪ್ಪತ್ತೈದು. ಅವನ ಲೆಕ್ಕ ಅವನಿಗೆ ಸರಿ. ಬೆಳಗ್ಗೆ ನಾಲ್ಕೂವರೆ ಲೀಟರ್, ಸಂಜೆ ಮೂರೂಮುಕ್ಕಾಲು ಹಾಕಿದರೆ ಒಟ್ಟು ಎಷ್ಟು ಅಂತ ಕೇಳಿದೆ. ರೆಪ್ಪೆ ಬಡಿಯುವುದರೊಳಗೆ ಎಂಟೂಕಾಲು ಅಂದ. ಮತ್ತೆ ಬೋರ್ಡ್ ತೋರಿಸಿದೆ. ಏಳು ಚಿಲ್ಲರೆ ಬರೆದಿದ್ದೀಯಲ್ಲ? ಅವನು ಒಂದು ಕ್ಷಣ ನೋಡಿ, "ಹಂಗಾದ್ರೆ ನಮ್ಗೇ ಲಾಸು ಮಿಸ್" ಅಂತ ಓಡಿ ಹೋಗಿ ಅಳಿಸಿದ. ಡೈರಿಯ ಲೆಕ್ಕ, ಆಲೆಮನೆಯ ತೂಕ, ಅಂಗಡಿಯ ಚಿಲ್ಲರೆ, ಇದೆಲ್ಲ ನಮ್ಮ ಮಕ್ಕಳ ತಲೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಅದನ್ನು ಬೋರ್ಡಿಗೆ ತರುವ ದಾರಿ ಪುಸ್ತಕದಲ್ಲಿ ಇಲ್ಲ. ವಿಜಯಪುರದಿಂದ ಬಂದ ಹುಡುಗಿಗೆ ಯಾವ ಮನೆಯಲ್ಲಿ ಎಷ್ಟು ಹಸು ಅಂತ ಹೇಗೆ ಗೊತ್ತಾಗಬೇಕು?

ಗಣಿತ ಕಿಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಅದು ಬೀರುವಿನಲ್ಲೇ ಇತ್ತು, ಬೀಗದ ಕೈ ಹೆಡ್‌ಮಾಸ್ಟರ್ ಜೇಬಲ್ಲಿ. ಒಂದು ಮಣಿ ಕಳೆದರೆ ಸ್ಟಾಕ್ ರಿಜಿಸ್ಟರ್‌ಗೆ ಉತ್ತರ ಹೇಳಬೇಕಲ್ಲ ಅಂತ ಅವರ ಹೆದರಿಕೆ. ಮಕ್ಕಳ ಕೈಯಲ್ಲಿ ಸಾಮಾನು ಮುರಿಯುತ್ತದೆ, ಕಳೆಯುತ್ತದೆ. ಮುರಿದರೆ ಯಾರನ್ನೂ ಕೇಳುವುದಿಲ್ಲ ಅಂತ ಒಂದು ಸಾಲಿನ ಆದೇಶ ಬಂದರೆ ಬೀರು ತಾನೇ ತೆರೆಯುತ್ತದೆ.

ಸಮೀಕ್ಷೆ, ಚುನಾವಣೆ, ಮತದಾರರ ಪಟ್ಟಿ ನೋಡುವ ಬಿ.ಎಲ್.ಒ. ಕೆಲಸದ ಬಗ್ಗೆ ನನಗಿಂತ ಚೆನ್ನಾಗಿ ನಿಮ್ಮ ವರದಿಗಾರರೇ ಬರೆದಿದ್ದಾರೆ. 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ (ಜಾತಿ) ಸಮೀಕ್ಷೆಗೆ ಟೀಚರುಗಳು ಮನೆಮನೆ ತಿರುಗಿದರು, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಮುಂದುವರಿಸಿದರು. ಅದೂ ಬೇಕಾದ ಕೆಲಸವೇ, ಬೇಡ ಅನ್ನಲ್ಲ. ಆದರೆ ರಜೆ ಮುಗಿಸಿ ಬಂದ ಒಂದನೇ ಕ್ಲಾಸಿನ ಮಕ್ಕಳು ಗರಗಸದಿಂದ ಮತ್ತೆ ಸರಕ್ಕೆ ಇಳಿದಿದ್ದರು. ಅಷ್ಟು ದಿನ ಪುಸ್ತಕ ಮುಟ್ಟದಿದ್ದರೆ ಆರು ವರ್ಷದ ಮಗು ಇನ್ನೇನು ಮಾಡೀತು.

ಇಲಾಖೆಯವರು ಈ ಪತ್ರ ಓದಿದರೆ ನಾನು ಕೇಳುವುದು ದೊಡ್ಡದೇನಲ್ಲ. ಸಿ.ಆರ್.ಪಿ.ಗೆ ವಾರದಲ್ಲಿ ಮೂರು ದಿನ ಯಾವ ಮಾಹಿತಿಯನ್ನೂ ಕೇಳಬೇಡಿ. ಆ ಮೂರು ದಿನ ಅವರು ಒಂದೇ ಶಾಲೆಯಲ್ಲಿ ಬೆಳಗ್ಗೆಯಿಂದ ಬಿಸಿಯೂಟದ ತನಕ ಕೂರಲಿ, ಒಂದು ಪಾಠ ತಾವೇ ಮಾಡಲಿ. ಸಮಾಲೋಚನಾ ಸಭೆಯ ಮೊದಲ ಒಂದು ಗಂಟೆ ಸುತ್ತೋಲೆ ಬೇಡ. ಪ್ರತಿಯೊಬ್ಬರೂ ತಪ್ಪು ಲೆಕ್ಕ ಇರುವ ಒಂದು ನೋಟ್‌ಬುಕ್, ತಪ್ಪಾಗಿ ಬರೆದ ಒಂದು ಉಕ್ತಲೇಖನ ತರಲಿ. ಮಗು ಹೀಗೆ ಯಾಕೆ ಬರೆಯಿತು ಅಂತ ಮಾತಾಡಲಿ. ಮುನ್ನೂರ ಐದು ಅಂದರೆ 3005 ಅಂತ ಬರೆಯುವ ಮಗು ಪ್ರತಿ ಶಾಲೆಯಲ್ಲೂ ಇದೆ. ಅದು ಕೇಳಿದ ಹಾಗೇ ಬರೆದಿದೆ, ಮುನ್ನೂರು ಬರೆದು ಪಕ್ಕದಲ್ಲಿ ಐದು. ಒಬ್ಬ ಟೀಚರ್ ಇದಕ್ಕೆ ಏನೋ ಉಪಾಯ ಕಂಡುಕೊಂಡಿರುತ್ತಾರೆ, ಮೂರು ಕಿಲೋಮೀಟರ್ ಆಚೆಯ ಇನ್ನೊಬ್ಬರಿಗೆ ಅದು ಗೊತ್ತೇ ಇರುವುದಿಲ್ಲ.

ಮತ್ತೆ ನಮ್ಮಂಥ ರಿಟೈರ್ ಆದವರು. ಪಾಂಡವಪುರ ಒಂದರಲ್ಲೇ ಬೆಳಗ್ಗೆ ವಾಕಿಂಗ್ ಹೋಗುವಾಗ ಎಷ್ಟು ಜನ ಹಳೇ ಮೇಷ್ಟ್ರು ಸಿಗುತ್ತಾರೆ! ಎಲ್ಲರ ಬಾಯಲ್ಲೂ ಈಗಿನ ಟೀಚರ್‌ಗಳಿಗೆ ಏನೂ ಬರಲ್ಲ ಅನ್ನುವ ಮಾತು. ಬರಲ್ಲ ಅಂದರೆ ಹೋಗಿ ಪಕ್ಕ ಕೂರಿ ಸಾರ್. ಸಂಬಳ ಬೇಡ, ಬಸ್ ಚಾರ್ಜೂ ಬೇಡ (ನಮಗೆ ಹೆಂಗಸರಿಗೆ ಹೇಗೂ ಫ್ರೀ). ಹೆಡ್‌ಮಾಸ್ಟರ್ ಒಪ್ಪಿಗೆ ಪಡೆದು ಹೋಗಿ, ಉಪದೇಶ ಮಾತ್ರ ಮಾಡಬೇಡಿ. ನಾನೂ ಮೊದಲ ವಾರ ಉಪದೇಶ ಮಾಡಿ ಆ ಟೀಚರ್ ಮುಖ ಸಣ್ಣದಾಗಿದ್ದು ನೋಡಿ ಕಲಿತೆ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಎಚ್.ಡಿ. ಕೋಟೆಯ ಕಥೆ ಕತ್ತರಿಸಿಕೊಳ್ಳಿ, ಬೇಜಾರಿಲ್ಲ. ಪೊರಕೆಕಡ್ಡಿ ಲೆಕ್ಕ ಮಾತ್ರ ಇರಲಿ. ನಿನ್ನ ಲೆಕ್ಕ ಪೇಪರಲ್ಲಿ ಬರುತ್ತೆ ಅಂತ ಆ ಹುಡುಗಿಗೆ ಹೇಳಿಬಿಟ್ಟಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಪಾಂಡವಪುರ, ಮಂಡ್ಯ ಜಿಲ್ಲೆ